ದ್ರವ್ಯ ಪ್ರತಿದ್ರವ್ಯಗಳ ತೂಕ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ ತರ್ಕಗಳನ್ನೋದಿ ತಲೆ ನರೆತ ನನ್ನಂತಹವನು ಪರಮಾಣುವಿನ ಒಳಗಣ ವಿಚಾರವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಪ್ರಮಾಣವಾವುದು, ಭ್ರಾಂತಿಯಾವುದು ಎಂದು ಪಾಠಶಾಲೆಯಲ್ಲಿ ನಾವು ವರ್ಷಗಟ್ಟಲೆ ವಾದಿಸಿದ ವಿಷಯವೇ ಜಿನೀವಾ ನಗರದ ಬಳಿ, ನೂರು ಮೀಟರು ನೆಲದಾಳದಲ್ಲಿ, ಯಂತ್ರಗಳ ಮುಖದಿಂದ ವಿಚಾರಿಸಲ್ಪಡುತ್ತಿರುವುದನ್ನು ತಿಳಿದು ಈ ಸಾಹಸಕ್ಕೆ ಕೈಯಿಕ್ಕಿದೆನು.

ಇಲೆಕ್ಟ್ರಾನಿಗೆ ಸಮಭಾರವುಳ್ಳ, ವಿರುದ್ಧ ವಿದ್ಯುತ್ತುಳ್ಳ ಪ್ರತಿಕಣವೊಂದು ಇರತಕ್ಕದ್ದೆಂದು 1931ರಲ್ಲಿ ಡಿರಾಕನೆಂಬ ಪಂಡಿತನು ಗಣಿತಬಲದಿಂದಲೇ ಹೇಳಿದನು. 1932ರಲ್ಲಿ ಆಂಡರ್ಸನ್ನನು ಅದನ್ನು ಪ್ರತ್ಯಕ್ಷ ಕಂಡನು. ಕಣ ಪ್ರತಿಕಣಗಳು ಕೂಡಿದೊಡನೆ ಎರಡೂ ಅಳಿದು ತೇಜಸ್ಸಾಗುವುವು. ಸೃಷ್ಟ್ಯಾದಿಯಲ್ಲಿ ಇವೆರಡೂ ಸಮನಾಗಿದ್ದು ಸಮನಾಗಿಯೇ ಅಳಿದಿದ್ದರೆ ಈ ಮಂಟಪವೂ ಇಲ್ಲ, ಕೇಳುವ ನೀವೂ ಇಲ್ಲ. ಸುಮಾರು ನೂರು ಕೋಟಿಗೆ ಒಂದರಂತೆ ದ್ರವ್ಯವು ಮಿಕ್ಕಿತು. ಆ ಮಿಕ್ಕುದೇ ಈ ಜಗತ್ತು. ಏತಕ್ಕೆ ಮಿಕ್ಕಿತು?

1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಕ್ರೋನಿನ್, ಫಿಚ್ ಮೊದಲಾದವರು ಕೆ-ಮೆಸಾನ್ ಎಂಬ ಕಣವು ಸುಮಾರು ಐನೂರಕ್ಕೆ ಒಂದು ಸಲ ನಿಷಿದ್ಧಮಾರ್ಗದಲ್ಲಿ ಒಡೆಯುವುದನ್ನು ಕಂಡು, ದ್ರವ್ಯ ಪ್ರತಿದ್ರವ್ಯಗಳಿಗೆ ಪ್ರಕೃತಿಯು ಒಂದೇ ನಿಯಮವನ್ನಿಟ್ಟಿಲ್ಲವೆಂದು ತೋರಿಸಿದರು. ಇಂತಹ ಅಸಮತೆಯಿಲ್ಲದೆ ದ್ರವ್ಯವು ಮಿಗಲಾರದೆಂದು 1967ರಲ್ಲಿ ರಷ್ಯದ ಸಖರೋವನು ಸಾಧಿಸಿದನು.

ಜಿನೀವಾದಲ್ಲಿ 27 ಕಿಲೋಮೀಟರು ಸುತ್ತಳತೆಯ ಸುರಂಗದೊಳಗೆ ಪ್ರೋಟಾನುಗಳನ್ನು ಇದಿರಿದಿರಾಗಿ ಹಾಯಿಸುವರು. ಆ ಘರ್ಷಣದಲ್ಲಿ ಬಿ-ಮೆಸಾನುಗಳು ಹುಟ್ಟುವುವು. ಅವುಗಳ ಆಯುಷ್ಯವು ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಒಂದೂವರೆ ಪಾಲು ಮಾತ್ರ. ಅಷ್ಟರಲ್ಲಿಯೇ ಸುಮಾರು ಒಂದು ಸೆಂಟಿಮೀಟರು ನಡೆದು ಒಡೆಯುವುವು. ಅವುಗಳಲ್ಲೊಂದು ಜಾತಿಯು ಎರಡು ಮ್ಯೂಆನುಗಳಾಗಿ ಒಡೆಯುವುದು ನೂರು ಕೋಟಿಗೆ ಮೂರು ನಾಲ್ಕು ಸಲ. ಅದರ ಮೊದಲ ಕುರುಹನ್ನು 2012ರಲ್ಲಿ ಎಲ್‌ಎಚ್‌ಸಿಬಿ ಎಂಬ ಪ್ರಯೋಗದವರು ಕಂಡರು. ಎಣಿಕೆಯು ಸಿದ್ಧಾಂತಕ್ಕೆ ಹೊಂದಿತು.

2021ರಲ್ಲಿ ಮಾತ್ರ ಬೇರೊಂದಾಯಿತು. ಬಿ-ಮೆಸಾನು ಇಲೆಕ್ಟ್ರಾನ್ ಜೋಡಿಯಾಗಿಯೂ ಮ್ಯೂಆನ್ ಜೋಡಿಯಾಗಿಯೂ ಸಮನಾಗಿ ಒಡೆಯಬೇಕೆಂಬುದು ಶಾಸ್ತ್ರ. ನೂರಕ್ಕೆ ಎಂಬತ್ತೈದರಂತೆ ಮ್ಯೂಆನುಗಳು ಕಡಮೆಯೆಂದು ಅದೇ ಪ್ರಯೋಗದವರು ಪ್ರಕಟಿಸಿದರು. ಲೋಕವೆಲ್ಲ ಬೆರಗಾಯಿತು. 2022ರ ದಶಂಬರದಲ್ಲಿ ಅವರೇ ಸಭೆಯೆದುರಿಗೆ ನಿಂತು, ಬೇರೆ ಕಣಗಳನ್ನು ಇಲೆಕ್ಟ್ರಾನುಗಳೆಂದು ಎಣಿಸಿದ್ದೆವು, ಭೇದವಿಲ್ಲವೆಂದು ತಿದ್ದಿದರು. ಶುಕ್ತಿಯಲ್ಲಿ ರಜತವನ್ನು ಕಂಡಿದ್ದರು, ಶುಕ್ತಿಯೆಂದು ಒಪ್ಪಿದರು. ನಮ್ಮ ವಾಕ್ಯಾರ್ಥಸಭೆಗಳಲ್ಲಿ ಸ್ವಪಕ್ಷವನ್ನು ತಾನೇ ಖಂಡಿಸಿಕೊಂಡವರನ್ನು ನಾನು ಕಂಡದ್ದು ವಿರಳ. ನಾನಂತೂ ಆ ಪಂಕ್ತಿಯಲ್ಲಿ ಎಂದೂ ಕುಳಿತವನಲ್ಲ.

ಇಲ್ಲಿ ತೊಡಕೇನೆಂದರೆ, ತೂಗುವ ತಕ್ಕಡಿಯೇ ದ್ರವ್ಯದಿಂದಾದುದು. ಋಣವಿದ್ಯುತ್ತಿನ ಕೆ-ಮೆಸಾನು ಯಂತ್ರದ ಲೋಹದಲ್ಲಿ ಧನವಿದ್ಯುತ್ತಿನದಕ್ಕಿಂತ ಹೆಚ್ಚಾಗಿ ಅಡಗಿಹೋಗುವುದು. ಅಯಸ್ಕಾಂತವು ಧನಕಣಗಳನ್ನು ಒಂದು ಮಗ್ಗುಲಿಗೂ ಋಣಕಣಗಳನ್ನು ಇನ್ನೊಂದಕ್ಕೂ ಬಾಗಿಸುವುದು. ಒಂದು ಮಗ್ಗುಲು ತುಸು ಮಂದವಾಗಿದ್ದರೆ ಇಲ್ಲದ ಅಸಮತೆಯು ಇದ್ದಂತೆ ಕಾಣುವುದು. ಆದಕಾರಣ ಆಗಾಗ ಅಯಸ್ಕಾಂತದ ದಿಕ್ಕನ್ನೇ ತಿರುಗಿಸಿ ಮತ್ತೆ ಎಣಿಸುವರು. ನಮ್ಮ ಪೇಟೆಯ ಪ್ರಾಮಾಣಿಕ ವರ್ತಕನು ಸಂಶಯ ಬಂದಾಗ ಸರಕನ್ನೂ ಕಲ್ಲನ್ನೂ ತಟ್ಟೆ ಬದಲಿಸಿ ತೂಗುವುದಿಲ್ಲವೇ, ಹಾಗೆ.

ಹೀಗೆ ತೂಗಿ 2025ರಲ್ಲಿ ಲ್ಯಾಂಬ್ಡಾ-ಬಿ ಎಂಬ ಬ್ಯಾರಿಯಾನಿಗೂ ಅದರ ಪ್ರತಿಕಣಕ್ಕೂ ಒಡೆಯುವಲ್ಲಿ ನೂರಕ್ಕೆ ಸುಮಾರು ಎರಡೂವರೆಯ ಅಂತರವನ್ನು ಕಂಡರು. ಅದು ಆಕಸ್ಮಿಕವಾಗಿರುವ ಸಂಭವವು ಹತ್ತು ಲಕ್ಷಕ್ಕೆ ಒಂದಕ್ಕಿಂತಲೂ ಕಡಮೆ. ಅದುವರೆಗೆ ಈ ಅಸಮತೆಯು ಮೆಸಾನುಗಳಲ್ಲಿ ಮಾತ್ರ ಸಿದ್ಧವಾಗಿತ್ತು. ನಮ್ಮ ಶರೀರದ ಪ್ರೋಟಾನು ನ್ಯೂಟ್ರಾನುಗಳಾದರೋ ಬ್ಯಾರಿಯಾನ್ ಕುಲದವು. ಆದುದರಿಂದ ಈ ಶೋಧವು ನಮ್ಮ ಮನೆಯ ಹೊಸ್ತಿಲಿಗೇ ಬಂದಂತಾಯಿತು.

ಇಷ್ಟಾದರೂ ಈವರೆಗೆ ಸಿದ್ಧಾಂತವು ತಿಳಿಸುವ ಅಸಮತೆಯೆಲ್ಲವನ್ನೂ ಕೂಡಿಸಿದರೆ, ಮಿಕ್ಕಿರುವ ದ್ರವ್ಯದ ಲೆಕ್ಕಕ್ಕೆ ಅದು ಎಷ್ಟು ಮಾತ್ರವೂ ಸಾಲದು. ಬೇರೊಂದು ಕಾರಣವಿರಬೇಕು. ಅದಕ್ಕಾಗಿ ಯಂತ್ರವನ್ನು ನವೀಕರಿಸಿ 2022ರಿಂದ ಮತ್ತೆ ಎಣಿಕೆಗೆ ತೊಡಗಿದರು. ತಕ್ಕಡಿಯು ಇನ್ನೂ ಇಳಿದಿಲ್ಲ.