ಕೇದಾರಕ್ಕೆ ಹೊರಡುವ ಮುನ್ನ

(ಭಾಲ್ಕಿ ತಾಲೂಕಿನ ಹಳ್ಳಿಯೊಂದರ ಗುಡಿಕಟ್ಟೆಯ ಮೇಲೆ ಸೇರಿದ ರೈತರ ಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತು)



ಬೀಜ ಗೊಬ್ಬರದ ಮಾತು ಬಿಟ್ಟು ಈ ಹುಡುಗ ಇವತ್ತು ಯಾತ್ರೆಯ ಮಾತು ಎತ್ತಿದ್ದಾನಲ್ಲ ಎಂದು ತಾವು ಆಶ್ಚರ್ಯಪಡಬಹುದು. ಎಳ್ಳಮಾವಾಸ್ಯೆ ಆಯಿತು. ತೊಗರಿ ರಾಶಿಯಾಗಿ ಕೈಯಲ್ಲಿ ನಾಲ್ಕು ದುಡ್ಡು ಆಡುವ ಕಾಲ. ಔರಾದ ಕಡೆಯಾಗಲಿ ನಮ್ಮ ಭಾಲ್ಕಿ ಕಡೆಯಾಗಲಿ, ಹಿರಿಯರು ಕಟ್ಟೆಗೆ ಕೂತರೆಂದರೆ "ಈ ಸಲ ಕೇದಾರಕ್ಕ ಹೋಗಿ ಬರೋಣೇನು?" ಎಂಬ ಮಾತು ಬಂದೇ ಬರುತ್ತದೆ. ಬರುವುದು ಸಹಜ. ಕೇದಾರದ ರಾವಲರು ವೀರಶೈವ ಪರಂಪರೆಯವರು. ಪಂಚಪೀಠಗಳಲ್ಲಿ ಒಂದು ಅಲ್ಲಿಯ ಉಖೀಮಠದಲ್ಲಿದೆ. ಆ ಬೆಟ್ಟ ದೂರದ್ದಾದರೂ ನಮ್ಮವರಿಗೆ ಪರಕೀಯವಲ್ಲ.

ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ.

ನಾನಿನ್ನೂ ಕೃಷಿ ಡಿಪ್ಲೊಮಾ ಓದುತ್ತಿದ್ದ ಕಾಲ. ನಮ್ಮ ಅಪ್ಪ ಊರಿನ ಮೂವರನ್ನು ಕೂಡಿಕೊಂಡು ಜೂನ್ ಮೊದಲ ವಾರ ಕೇದಾರಕ್ಕೆ ಹೊರಟರು. ಮಿರಗ ಮಳೆ ಬಿದ್ದರೆ ಬಿತ್ತನೆ ಮಾಡೆಂದು ಕಾಕಾನ ಮಗನಿಗೆ ಹೇಳಿ, ಮನೆಯಲ್ಲಿ ಇಟ್ಟಿದ್ದ ಸೋಯಾ ಬೀಜದ ಚೀಲ ತೋರಿಸಿ ಹೋದರು. ನಾಲ್ವರೂ ಗೌರಿಕುಂಡವನ್ನು ಮುಟ್ಟಿದ್ದು ರಾತ್ರಿ. ಮರುದಿನ ಸೋಮವಾರ. ಅಪ್ಪ ಉಪವಾಸವಿದ್ದು ಬೆಳಗಿನ ನಾಲ್ಕಕ್ಕೇ ಹತ್ತಲು ಶುರು ಮಾಡಿದರು. ಲಿಂಚೋಲಿ ಎಂಬಲ್ಲಿಗೆ ಬರುವಷ್ಟರಲ್ಲಿ ತಲೆ ಸಿಡಿಯಹತ್ತಿತು, ವಾಂತಿಯಾಯಿತು, ಕೂತಲ್ಲೇ ಉಬ್ಬಸ. "ಹೊಟ್ಟ್ಯಾಗ ಏನೂ ಇಲ್ಲ, ಪಿತ್ತ ಆಗ್ಯದ, ನಡೀರಿ" ಎಂದರಂತೆ. ಜೊತೆಗಿದ್ದವರೂ ಇನ್ನು ಸ್ವಲ್ಪವೇ ಉಳಿದಿದೆ ಎಂದು ಮೇಲಕ್ಕೇ ಎಳೆದರು. ಹೇಸರಗತ್ತೆ ಹೊಡೆಯುವ ಒಬ್ಬ ಬಡಪಾಯಿ ಹುಡುಗ ಅವರ ಮುಖ ನೋಡಿ, ಇವರನ್ನು ಮೇಲೆ ಒಯ್ದರೆ ಉಳಿಯುವುದಿಲ್ಲ ಎಂದು ಕೆಳಗಿಳಿಸಿದನು. ಇಳಿದಂತೆ ಉಸಿರು ತಿರುಗಿತು. ದರ್ಶನ ಮಾತ್ರ ಆಗಲಿಲ್ಲ.

ಇತ್ತ ಊರಲ್ಲಿ ಬಿತ್ತಿದ ಸೋಯಾ ನಾಟಲಿಲ್ಲ. ಮರುಬಿತ್ತನೆ ಮಾಡುವುದೋ ಬಿಡುವುದೋ ಹೇಳಲು ಯಜಮಾನ ಮನೆಯಲ್ಲಿಲ್ಲ. ಅವರು ಬಂದು ಬೇರೆ ಬೀಜ ತಂದು ಹಾಕುವಾಗ ಆರಿದ್ರ ಮುಗಿಯುತ್ತಿತ್ತು. ಆ ವರ್ಷ ಅರ್ಧ ಬೆಳೆಯೂ ಬರಲಿಲ್ಲ. ಯಾತ್ರೆಗೆಂದು ಮಾಡಿದ ಸಾಲ ಹಾಗೇ ನಿಂತಿತು. ಯಾರನ್ನೂ ದೂರುವಂತಿಲ್ಲ. ಮೊಳಕೆ ಪರೀಕ್ಷೆಯನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ; ನಮ್ಮ ಮನೆಯ ಚೀಲಕ್ಕೆ ಮಾಡಿರಲಿಲ್ಲ.

ಆದಕಾರಣ ನಾನು ಹೇಳುವುದಿಷ್ಟು: ಬೆಳೆಗೆ ಹೇಗೆ ಮುಂಚಿತವಾಗಿ ಲೆಕ್ಕ ಹಾಕುತ್ತೀರೋ ಹಾಗೆಯೇ ಯಾತ್ರೆಗೂ ಹಾಕಿರಿ. ಹೊರಡುವ ದಿನವನ್ನು ನಿಮ್ಮ ಹೊಲವೂ ನಿಮ್ಮ ಎದೆಯೂ ಕೂಡಿ ಗೊತ್ತುಮಾಡಲಿ.

ಕೇದಾರದ ಬಾಗಿಲು ತೆರೆಯುವ ದಿನವನ್ನು ಪ್ರತಿ ವರ್ಷ ಮಹಾಶಿವರಾತ್ರಿಯಂದು ಉಖೀಮಠದಲ್ಲಿ ಸಾರುತ್ತಾರೆ. ತೆರೆಯುವುದು ಅಕ್ಷಯ ತೃತೀಯದ ಆಸುಪಾಸು, ಮುಚ್ಚುವುದು ದೀಪಾವಳಿಯ ಯಮದ್ವಿತೀಯಕ್ಕೆ. 2025ರಲ್ಲಿ ಮೇ 2ಕ್ಕೆ ತೆರೆದು ಅಕ್ಟೋಬರ್ 23ಕ್ಕೆ ಮುಚ್ಚಿತು. ಈ ಆರು ತಿಂಗಳಲ್ಲಿ ನಮಗೆ ಒದಗುವ ದಿನಗಳೆಷ್ಟು? ಜೂನ್ ಹಿಡಿದರೆ ಇಲ್ಲಿ ಬಿತ್ತನೆ, ಅಲ್ಲಿ ಮಳೆಗಾಲದ ಬಾಗಿಲು. 2013ರ ಜೂನ್ 16 ಮತ್ತು 17ರಂದು ಆ ಕಣಿವೆಯಲ್ಲಿ ಸುರಿದ ಮಳೆಗೆ ಮೇಲಿನ ಚೋರಾಬಾರಿ ಕೆರೆ ಒಡೆದು, ದಾರಿಯ ರಾಮಬಾಡಾ ಎಂಬ ತಂಗುದಾಣವೇ ಕೊಚ್ಚಿಹೋಯಿತು. ಸಾವಿರಾರು ಜನ ಸತ್ತರು. 2024ರ ಜುಲೈ 31ರ ರಾತ್ರಿ ಮತ್ತೆ ಕಾಲುದಾರಿ ಕುಸಿದು ಸಾವಿರಾರು ಯಾತ್ರಿಕರು ನಡುವೆ ಸಿಕ್ಕಿಕೊಂಡರು. ಜುಲೈ, ಆಗಸ್ಟ್ ತಿಂಗಳುಗಳನ್ನು ಯೋಚಿಸಲೇಬೇಡಿರಿ. ಸೆಪ್ಟೆಂಬರಿನಲ್ಲಿ ಹೆಸರು ಉದ್ದು ಮುಗಿದು ಸೋಯಾ ಕೊಯ್ಲಿಗೆ ಬರುತ್ತದೆ. ಅಕ್ಟೋಬರಿನಲ್ಲಿ ಅಲ್ಲಿ ಆಕಾಶ ಶುಭ್ರ, ಜನಸಂದಣಿ ಕಡಿಮೆ. ಆದರೆ ಚಳಿ ಬಲು ಕಠಿಣ, ಇಲ್ಲಿ ಬಿಳಿಜೋಳ ಕಡಲೆ ಬಿತ್ತುವ ಗಡಿಬಿಡಿ. ಹಿಂಗಾರಿ ಇಲ್ಲದ, ಗಟ್ಟಿ ಮೈಯವರಿಗೆ ಮಾತ್ರ ಅದು ಸರಿ. ಉಳಿದವರಿಗೆ ಬಾಗಿಲು ತೆರೆದ ಒಂದು ವಾರದ ನೂಕುನುಗ್ಗಲು ಕಳೆದ ಮೇಲೆ ಹೋಗಿ, ರೋಹಿಣಿ ಮಳೆ ಕೂಡುವುದರೊಳಗೆ ಮನೆ ಸೇರುವುದೇ ಒಳ್ಳೆಯದು.

ಹೋಗಿಬರಲು ಹದಿನಾಲ್ಕು ದಿನ ಇಟ್ಟುಕೊಳ್ಳಿರಿ. ಬೀದರದಿಂದ ಹೈದರಾಬಾದು, ಅಲ್ಲಿಂದ ರೈಲಿನಲ್ಲಿ ದಿಲ್ಲಿ, ಮುಂದೆ ಹರಿದ್ವಾರ. ರೈಲಿನ ಸೀಟು 60 ದಿನ ಮೊದಲು ಸಿಗುತ್ತದೆ. ಶಿವರಾತ್ರಿಯ ದಿನ ತಿಥಿ ತಿಳಿದರೆ ಅದಕ್ಕೆ ಸರಿಹೋಗುತ್ತದೆ. ಉತ್ತರಾಖಂಡ ಸರ್ಕಾರದಲ್ಲಿ ಹೆಸರು ನೋಂದಾಯಿಸುವುದು ಕಡ್ಡಾಯ. ಮನೆಯಲ್ಲಿ ಓದಿದ ಮಕ್ಕಳಿಂದ ಮೊಬೈಲಿನಲ್ಲೇ ಮಾಡಿಸಿರಿ. ಆಧಾರದ ಪ್ರತಿ ಜೊತೆಗಿರಲಿ. ಹರಿದ್ವಾರದಿಂದ ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗದ ಮೇಲೆ ಗುಪ್ತಕಾಶಿ.

ಈ ಗುಪ್ತಕಾಶಿಯಲ್ಲಿ ಒಂದು ದಿನ ಸುಮ್ಮನೆ ಕೂಡಬೇಕು. ಏತಕ್ಕೆಂದರೆ, ನಮ್ಮ ಬೀದರ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಸ್ವಲ್ಪ ಎತ್ತರ. ಗುಪ್ತಕಾಶಿ ಸುಮಾರು 4,300 ಅಡಿ, ಗೌರಿಕುಂಡ 6,500, ಕೇದಾರ 11,700 ಅಡಿಗೂ ಮೇಲೆ. ಗೌರಿಕುಂಡದಿಂದ ಹದಿನಾರು ಕಿಲೋಮೀಟರ್ ನಡಿಗೆಯಲ್ಲಿ ಐದು ಸಾವಿರ ಅಡಿಗಿಂತ ಹೆಚ್ಚು ಏರುತ್ತೀರಿ. ಅಷ್ಟು ಮೇಲೆ ಗಾಳಿ ತೆಳುವು. ಒಂದು ಉಸಿರಿಗೆ ಸಮುದ್ರದ ಮಗ್ಗುಲಲ್ಲಿ ಸಿಗುವ ಪ್ರಾಣವಾಯುವಿನ ಮೂರರಲ್ಲಿ ಎರಡು ಪಾಲು ಮಾತ್ರ ಸಿಗುತ್ತದೆ. ನೆರಳಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ನೆಟ್ಟರೆ ಬಾಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿಸಿಲು ತೋರಿಸಿದರೆ ತಡೆಯುತ್ತದೆ. ಮೈಗೂ ಅಷ್ಟೇ. ಗಂಟೆಗೊಮ್ಮೆ ಕೂತು, ಬಿಸಿನೀರು ಕುಡಿದು, ಹೊಟ್ಟೆಗೆ ತಿಂದು ಹತ್ತಿರಿ. ಉಪವಾಸವನ್ನು ಮನೆಗೆ ಬಂದು ಮಾಡಿರಿ. ಬೀಡಿ, ತಂಬಾಕು, ಸೆರೆ ಬೇಡ. ತಲೆನೋವು, ವಾಂತಿ, ಓಲಾಟ, ಕೂತಾಗಲೂ ಉಬ್ಬಸ ಕಂಡರೆ ಅದು ಪಿತ್ತವಲ್ಲ. ಕೂಡಲೇ ಕೆಳಗಿಳಿಯಬೇಕು. ದೇವರು ಎದುರಿಗೇ ಕಂಡರೂ ಇಳಿಯಬೇಕು.

ಹೆಲಿಕಾಪ್ಟರಿನಲ್ಲಿ ಹೋದರೆ ಈ ಕಷ್ಟ ತಪ್ಪೀತೆಂದು ಕೆಲವರ ಎಣಿಕೆ. ಕಾಲಿನ ಶ್ರಮ ತಪ್ಪುತ್ತದೆ, ಆದರೆ ಮೈ ಹೊಂದಿಕೊಳ್ಳಲು ಹತ್ತು ನಿಮಿಷವೂ ಸಿಗುವುದಿಲ್ಲ. ಮೋಡ ಕವಿದರೆ ಅದು ಹಾರುವುದೂ ಅಪಾಯ. 2025ರ ಜೂನ್ 15ರಂದು ಗೌರಿಕುಂಡದ ಬಳಿ ಒಂದು ಬಿದ್ದು ಏಳು ಜನ ತೀರಿಕೊಂಡರು. ಅದರ ಟಿಕೇಟಿನ ಹೆಸರಲ್ಲಿ ಮೋಸ ಮಾಡುವವರೂ ಇದ್ದಾರೆ. ಫೋನಿನಲ್ಲಿ ಕೇಳಿದವರಿಗೆ ಹಣ ಕಳಿಸಬೇಡಿರಿ.

ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವು, ದಮ್ಮು ಇರುವವರು, ಐವತ್ತೈದು ದಾಟಿದವರು ಬೀದರಕ್ಕೆ ಹೋಗಿ ಡಾಕ್ಟರರಿಗೆ ತೋರಿಸಿರಿ. ಅವರು ಬೇಡವೆಂದರೆ ಶ್ರೀಶೈಲವಿದೆ. ಅದೂ ಜ್ಯೋತಿರ್ಲಿಂಗವೇ, ಅಲ್ಲಿಯೂ ಪಂಚಪೀಠಗಳಲ್ಲೊಂದಿದೆ. ಯುಗಾದಿಗೆ ಕನ್ನಡ ನಾಡಿನ ಜನ ನಲ್ಲಮಲ ಕಾಡಿನ ದಾರಿ ಹಿಡಿದು ನಡೆದೇ ಹೋಗುತ್ತಾರೆ. ಆ ಗಿರಿ ನಮ್ಮ ಬೀದರಕ್ಕಿಂತ ತಗ್ಗಿನಲ್ಲಿದೆ ಎಂದರೆ ಬಹಳ ಜನ ನಂಬುವುದಿಲ್ಲ, ಆದರೆ ನಿಜ. ಅಲ್ಲಿ ಉಸಿರಿನ ಭಯವಿಲ್ಲ. ಬಿಸಿಲು ಮತ್ತು ನೀರಿನ ಚಿಂತೆಯಷ್ಟೇ. ಹೊಲದಲ್ಲಿ ಆ ಹೊತ್ತಿಗೆ ಕೆಲಸವೂ ಇರುವುದಿಲ್ಲ.

ಹಣದ ಮಾತು. ಬೆಳೆಸಾಲ ತೆಗೆದು ಯಾತ್ರೆ ಮಾಡಬೇಡಿರಿ. ಅದು ಬೀಜದ ಚೀಲಕ್ಕೆ ಕೈಹಾಕಿದಂತೆ. ಅಂಚೆ ಕಚೇರಿಯ ಆರ್.ಡಿ.ಯಲ್ಲಿ ತಿಂಗಳಿಗೆ 500 ರೂಪಾಯಿ ಕಟ್ಟಿದರೆ ಐದು ವರ್ಷಕ್ಕೆ ಅಸಲೇ 30,000 ಆಗುತ್ತದೆ, ಬಡ್ಡಿ ಬೇರೆ. ದೇವರು ಐದು ವರ್ಷ ಕಾಯುತ್ತಾನೆ, ಸಾಹುಕಾರ ಕಾಯುವುದಿಲ್ಲ.

ಹೊರಡುವ ಮುನ್ನ ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಆಗಿದೆಯೇ ನೋಡಿರಿ. ನೆರೆಮನೆಯವರೊಡನೆ ಮುಯ್ಯಿ ಮಾತಾಡಿರಿ: ಈ ವರ್ಷ ನಮ್ಮ ಎಮ್ಮೆ ನೀವು ಹಿಂಡಿರಿ, ಬರುವ ವರ್ಷ ನಿಮ್ಮದು ನಾವು. ನೂರು ಸೋಯಾ ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿರಿ. ಒಂದು ವಾರಕ್ಕೆ ಎಪ್ಪತ್ತಾದರೂ ಮೊಳೆತರೆ ಬೀಜ ಸರಿ. ಇಲ್ಲವಾದರೆ ಹೊರಡುವ ಮೊದಲೇ ಬೇರೆ ತನ್ನಿರಿ.

ಅಪ್ಪ ಈ ಸಲ ಮತ್ತೆ ಕೇದಾರಕ್ಕೆ ಹೋಗುತ್ತೇನೆನ್ನುತ್ತಾರೆ. ಈಗ ಅರವತ್ತೆರಡು ವಯಸ್ಸು. ಬೆಳಗಾದರೆ ಊರ ಹೊರಗಿನ ಏರನ್ನು ಎರಡು ಸಲ ಹತ್ತಿ ಇಳಿಯುತ್ತಾರೆ. ಬಿ.ಪಿ. ಇನ್ನೂ ಹೆಚ್ಚಿದೆ, ಶಿವರಾತ್ರಿ ಕಳೆದು ಮತ್ತೊಮ್ಮೆ ಬನ್ನಿರೆಂದು ಡಾಕ್ಟರು ಹೇಳಿದ್ದಾರೆ. ಅವರು ಬೇಡವೆಂದರೆ ಯುಗಾದಿಗೆ ಶ್ರೀಶೈಲಕ್ಕೆ ಹೋಗುವುದೆಂದು ನಮ್ಮಿಬ್ಬರಲ್ಲಿ ಮಾತಾಗಿದೆ. ಒಪ್ಪಿದ್ದಾರೆ, ಮನಸ್ಸಿಲ್ಲದ ಮನಸ್ಸಿನಿಂದ. ಬೀಜದ ಗೋಣಿತಟ್ಟನ್ನು ಮಾತ್ರ ಈ ಸಲ ನಾನೇ ನೆನೆಯಿಸುತ್ತೇನೆ. ನೋಡಬೇಕೆನ್ನುವವರು ನಮ್ಮ ಮನೆಗೆ ಬರಬಹುದು.