ಇದು ಯಾರ ಖಾತೆ? ತತ್ವಶಾಸ್ತ್ರದ ಪಾಠಕ್ಕೆ ನೋಟ್ಸ್ ಬರೆಯೋದು

ಕೊಟ್ಟೂರಿನಿಂದ ಮಾತಾಡ್ತಿದ್ದೀನಿ.

ಹೋದ ವಾರ ಹರಪನಹಳ್ಳಿಯಿಂದ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು. ದೂರಶಿಕ್ಷಣದಲ್ಲಿ ತತ್ವಶಾಸ್ತ್ರ ಎಂ.ಎ.ಗೆ ಸೇರಿದಾರೆ. ಮಕ್ಕಳು ಮಲಗಿದ ಮೇಲೆ ಓದ್ತಾರೆ. "ಪುಸ್ತಕದಾಗಿನ ಅರ್ಧ ನೋಟ್‌ಬುಕ್ಕಿಗೆ ಇಳಿಸೀನಿ ತಮ್ಮಾ, ಮುಚ್ಚಿದ್ರೆ ಒಂದೂ ನೆನಪಿರಲ್ಲ. ಪರೀಕ್ಷೆಗೆ ಎರಡು ತಿಂಗಳೈತಿ" ಅಂದ್ರು. ಮನೆಯಲ್ಲಿ ಇದಕ್ಕೆ ಕಟ್ಟಿದ ಫೀಸಿನ ಮಾತು ದಿನಾ ಬರ್ತದಂತೆ. ಹಡಗಲಿ, ಕೂಡ್ಲಿಗಿ ಕಡೆಯಿಂದಲೂ ಇಂಥದೇ ಪ್ರಶ್ನೆ ಬಂದಿವೆ. ಹಾಗಾಗಿ ಇವತ್ತು ಇದೊಂದೇ ವಿಷಯ.

ನಾನು ಓದಿದ್ದು ಬಿ.ಕಾಂ. ಆಮೇಲೆ ಹುಚ್ಚು ಹಿಡಿದು ತತ್ವಶಾಸ್ತ್ರಕ್ಕೆ ಕಟ್ಟಿದೆ. ಪಾಶ್ಚಾತ್ಯ ದರ್ಶನದ ಪೇಪರು ಮೊದಲ ಸಲ ಹೋಯ್ತು. ಓದದೇ ಹೋಗಿದ್ದಲ್ಲ, ನೂರು ಪುಟದ ನೋಟ್‌ಬುಕ್ ತುಂಬಿಸಿದ್ದೆ. ರೆನೆ ಡೆಕಾರ್ಟ್‌ನ 'ಮೆಡಿಟೇಶನ್ಸ್' ಬಗ್ಗೆ ನಾನು ಬರೆದುಕೊಂಡಿದ್ದ ಸಾಲು ಇದು: "ಇಂದ್ರಿಯಗಳನ್ನು ನಂಬಲಾಗದು, ಎಲ್ಲವೂ ಕನಸಾಗಿರಬಹುದು ಎಂದು ಡೆಕಾರ್ಟ್ ಹೇಳುತ್ತಾನೆ." ಉತ್ತರಪತ್ರಿಕೆಯಲ್ಲೂ ಅದನ್ನೇ ಅವನ ಸಿದ್ಧಾಂತ ಅಂತ ನಾಲ್ಕು ಪುಟ ಎಳೆದೆ. ಆದರೆ ಅದು ಆರು ಧ್ಯಾನಗಳಲ್ಲಿ ಮೊದಲನೆಯದರ ಮಾತು. ಆರನೆಯದಕ್ಕೆ ಬರುವಷ್ಟರಲ್ಲಿ ಆ ಕನಸಿನ ಸಂಶಯವನ್ನ ಅವನೇ ನಗೆಪಾಟಲಿನದು ಅಂತ ತಳ್ಳಿಹಾಕ್ತಾನೆ. ಪೂರ್ತಿ ಓದಿದ್ದೆ, ಆದರೂ ತಪ್ಪಿದೆ.

ಅಪ್ಪ ಇಲ್ಲಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೀತಿದ್ದರು. ಫೇಲಾದ ಮೇಲೆ ಒಂದು ರಾತ್ರಿ ನನ್ನ ನೋಟ್‌ಬುಕ್ ತೆಗೆದು ನೋಡಿದ್ರು. ತತ್ವಶಾಸ್ತ್ರ ಅವರಿಗೆ ಗೊತ್ತಿಲ್ಲ. ಎರಡು ಪುಟ ತಿರುವಿ, "ಲೇ, ಇದರಾಗ ಯಾರ ಹೆಸರಿಗೆ ಯಾವುದು ಬರದೀಯೋ? ಹೆಸರಿಲ್ಲದ ಜಮಾ ಬರೆದ್ರೆ ಸಂಜಿಗೆ ತಾಳೆ ಹ್ಯಾಂಗ ಆಗ್ತೈತಿ?" ಅಂದ್ರು. ಸಿಟ್ಟು ಬಂತು. ಮಲಗಿದ ಮೇಲೆ ಯೋಚಿಸಿದೆ, ಅವರು ಹೇಳಿದ್ದೇ ಸರಿ. ಶೇಂಗಾ ತಂದ ರೈತನ ಜಮಾ ವ್ಯಾಪಾರಿ ಖಾತೆಗೆ ಹತ್ತಿದ್ರೆ ಅಂಕಿ ಸರಿ ಇದ್ದರೂ ಲೆಕ್ಕ ತಪ್ಪೇ. ನನ್ನ ನೋಟ್ಸೂ ಹಾಗೇ: ಮಾತುಗಳು ಸರಿ, ಖಾತೆ ತಪ್ಪು.

ತತ್ವಶಾಸ್ತ್ರದ ಪುಸ್ತಕ ಇತಿಹಾಸದ ಪುಸ್ತಕದ ಹಾಗಲ್ಲ ರೀ. ಅಲ್ಲಿ ಬರೆದದ್ದೆಲ್ಲಾ ಬರೆದವನ ಅಭಿಪ್ರಾಯ ಅಲ್ಲ. ಎದುರಾಳಿಯ ಮಾತನ್ನ ಅವನ ಬಾಯಲ್ಲೇ ಜೋರಾಗಿ ಹೇಳಿಸಿ, ಆಮೇಲೆ ಉತ್ತರ ಕೊಡ್ತಾರೆ. ನಮ್ಮವರು ಇದಕ್ಕೆ ಹೆಸರನ್ನೇ ಇಟ್ಟಿದ್ದಾರೆ: ಪೂರ್ವಪಕ್ಷ, ಸಿದ್ಧಾಂತ. ಬ್ರಹ್ಮಸೂತ್ರದ ಒಂದೊಂದು ಅಧಿಕರಣವನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಅಂತ ಐದು ಭಾಗ ಮಾಡಿ ಓದೋ ಪದ್ಧತಿ ಇದೆ. ಶಂಕರರ ಭಾಷ್ಯದಲ್ಲಿ 'ನನು' ಅಂತ ಬಂತು ಅಂದ್ರೆ ಸಾಮಾನ್ಯವಾಗಿ ಆಕ್ಷೇಪ ಶುರುವಾಯ್ತು, 'ಉಚ್ಯತೇ' ಅಂದ್ರೆ ಉತ್ತರ ಬಂತು ಅಂತ. ಡೆಕಾರ್ಟ್ ಕೂಡ 1641ರ ಮೊದಲ ಮುದ್ರಣದಲ್ಲೇ ಬೇರೆಯವರ ಆರು ಕಂತು ಆಕ್ಷೇಪ, ಅವಕ್ಕೆ ತನ್ನ ಉತ್ತರ ಸೇರಿಸಿ ಅಚ್ಚು ಹಾಕಿಸಿದ.

ನಮ್ಮ ಹತ್ತಿರದ್ದೇ ಬೇಕಾದ್ರೆ ಶೂನ್ಯಸಂಪಾದನೆ ತಗೊಳ್ಳಿ. ಅದು ವಚನಗಳನ್ನ ಸಂಭಾಷಣೆಯಾಗಿ ಜೋಡಿಸಿದ ಗ್ರಂಥ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ, ಉಡುಗೆ ಬಿಟ್ಟವಳು ಕೂದಲಿಂದ ಮೈ ಮುಚ್ಚಿಕೊಂಡದ್ದು ಯಾಕೆ ಅಂತ ಅಲ್ಲಮ ಕೇಳ್ತಾನೆ. ಅಲ್ಲಮನಿಗೆ ಅಕ್ಕನ ಮೇಲೆ ಗೌರವ ಇರಲಿಲ್ಲ ಅಂತ ಬರೆದುಕೊಂಡ್ರೆ ಮುಗೀತು, ಮುಂದಿನದೆಲ್ಲಾ ತಲೆಕೆಳಗು. ಅವನು ಪರೀಕ್ಷೆ ಮಾಡ್ತಿದ್ದಾನೆ; ಕೊನೆಗೆ ಅವಳ ನಿಲುವನ್ನ ಒಪ್ಪಿ ಹೊಗಳೋನೂ ಅವನೇ.

ಹಾಗಾಗಿ ನಾನು ಮಾಡೋದು ಇಷ್ಟು. ಮೊದಲ ಓದಿಗೆ ಪೆನ್ನು ಮುಟ್ಟಲ್ಲ. ಹ.ಬೊ.ಹಳ್ಳಿ ಕಡೆ ಹೋಗುವಾಗ ಬಸ್ಸಲ್ಲೇ ಓದ್ತೀನಿ, ಅರ್ಥವಾಗದಿದ್ರೂ ಮುಂದೆ ಹೋಗ್ತೀನಿ. ಕೊನೆ ಪುಟಕ್ಕೆ ಬಂದು, ಇವನು ಒಟ್ಟು ಯಾವ ಪ್ರಶ್ನೆಗೆ ಉತ್ತರ ಹುಡುಕ್ತಿದ್ದಾನೆ ಅನ್ನೋದನ್ನ ಮಾತ್ರ ಒಂದು ಸಾಲು ಬರೀತೀನಿ. ಎರಡನೇ ಓದಿಗೆ ಖಾತೆ ಪುಸ್ತಕದ ಹಾಗೆ ಹಾಳೆಗೆ ಗೆರೆ ಹೊಡೀತೀನಿ. ಎಡಗಡೆ ಸಣ್ಣ ಕಾಲಂ: ಈ ಮಾತು ಯಾರದು? ನಡುವೆ ಮಾತು, ನನ್ನ ಭಾಷೆಯಲ್ಲಿ. ಬಲಗಡೆ, ಯಾಕೆ? ಅಂದ್ರೆ ಅವನು ಕೊಟ್ಟ ಕಾರಣ. ಅಪ್ಪನ ಭಾಷೆಯಲ್ಲಿ ಅದು 'ಬಾಬ್ತು'. ಯಾವ ಬಾಬ್ತು ಅಂತ ಬರೆಯದ ಖರ್ಚನ್ನ ಯಾವ ಆಡಿಟರೂ ಒಪ್ಪಲ್ಲ.

ಬಲಗಡೆ ಎಷ್ಟೋ ಸಲ ಖಾಲಿ ಉಳಿಯುತ್ತೆ. ಮೊದಲು ಗೈಡ್ ನೋಡಿ ತುಂಬಿಸ್ತಿದ್ದೆ, ಈಗ ಬಿಟ್ಟಿದ್ದೀನಿ. ಗೈಡಿನಲ್ಲಿ, ಯೂಟ್ಯೂಬ್ ಸಾರಾಂಶದಲ್ಲಿ ಬಹಳಷ್ಟು ಸಲ ಮೊದಲು ಕಳೆದುಹೋಗೋದೇ ಈ ಎಡ, ಬಲದ ಕಾಲಂಗಳು, ನಡುವಿನದಷ್ಟೇ ಉಳಿಯುತ್ತೆ. ಖಾಲಿ ಜಾಗ ನನ್ನ ಮುಂದಿನ ಓದಿನ ಕೆಲಸ.

ಇನ್ನೊಂದು, ಪದಗಳ ಪುಟ. ನೋಟ್‌ಬುಕ್ಕಿನ ಹಿಂದೆ ನಾಲ್ಕು ಹಾಳೆ ಬಿಡಿ. ಕೊಟ್ಟೂರೇಶ್ವರನ ಊರಲ್ಲಿ ಬೆಳೆದ ನನಗೆ ಲಿಂಗ ಅಂದ್ರೆ ಒಂದೇ ಅರ್ಥ. ನ್ಯಾಯದರ್ಶನದ ಅನುಮಾನ ಪ್ರಮಾಣ ಓದುವಾಗ ಹೊಗೆಯೇ ಲಿಂಗ ಅಂತ ಬಂತು. ಅರ್ಧ ದಿನ ತಲೆ ಕೆಟ್ಟಿತ್ತು. ಅಲ್ಲಿ ಲಿಂಗ ಅಂದ್ರೆ ಗುರುತು: ಬೆಟ್ಟದಲ್ಲಿ ಹೊಗೆ ಕಾಣ್ತಿದೆ, ಆದ್ದರಿಂದ ಬೆಂಕಿ ಇದೆ. ಅನುಮಾನ ಅನ್ನೋ ಪದವೂ ಅಷ್ಟೇ, ನಾವು ಸಂಶಯ ಅಂತ ಬಳಸ್ತೀವಿ, ಅಲ್ಲಿ ಅದು ಸರಿಯಾದ ಜ್ಞಾನಕ್ಕೆ ದಾರಿ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡ್ತೀವಿ. ಗೊತ್ತಿರೋ ಪದವೇ ಕೈ ಕೊಡೋದು.

ಕೊನೆಗೆ ಪುಸ್ತಕ ಮುಚ್ಚಿ ಐದು ನಿಮಿಷ ಬಾಯಲ್ಲಿ ಹೇಳಬೇಕು, ಮನೆಯಲ್ಲಿ ಆಡೋ ಮಾತಲ್ಲೇ. ಮೈಸೂರಿನ ಎಂ. ಹಿರಿಯಣ್ಣ ಅವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಬಂದದ್ದು 1932ರಲ್ಲಿ. ವಿಶ್ವವಿದ್ಯಾಲಯದಲ್ಲಿ ಅವರು ಎಷ್ಟೋ ವರ್ಷ ಮಾಡಿದ ಪಾಠವೇ ಅದಕ್ಕೆ ಆಧಾರ. ಬಾಯಲ್ಲಿ ಹೇಳಿ ಹೇಳಿ ತಿಳಿಯಾದ ಬರಹ ಹೇಗಿರುತ್ತೆ ಅಂತ ಅದರ ಯಾವ ಅಧ್ಯಾಯ ತೆರೆದರೂ ಕಾಣುತ್ತೆ. ನಾನು ಹೇಳಿದ್ದು ಅಮ್ಮನಿಗೆ, ಅವರು ರೊಟ್ಟಿ ಬಡಿಯುವಾಗ. "ಹಂಗಾದ್ರ ಅವ ಕನಸು ಅಂದದ್ದು ಸುಳ್ಳಾ?" ಅಂತ ಕೇಳಿದ್ರು. ಉತ್ತರ ಗೊತ್ತಿರಲಿಲ್ಲ, ಮತ್ತೆ ಪುಸ್ತಕ ತೆಗೆದೆ.

ಎರಡನೇ ಸಲ ಪೇಪರು ಪಾಸಾಯ್ತು, ದೊಡ್ಡ ಅಂಕ ಏನಲ್ಲ. ಅಕ್ಕಾ, ನೀವು ಇಳಿಸಿಕೊಂಡಿರೋ ಆ ಅರ್ಧ ಪುಸ್ತಕ ಎಸೀಬೇಡಿ. ಇವತ್ತು ರಾತ್ರಿ ಅದರ ಒಂದೇ ಪುಟ ತೆಗೆದು, ಅಂಚಿನಲ್ಲಿ ಪೆನ್ಸಿಲ್‌ನಿಂದ ಯಾರ ಮಾತು ಯಾವುದು ಅಂತ ಹೆಸರು ಹಾಕ್ತಾ ಹೋಗಿ. ಎಲ್ಲಿ ಹೆಸರು ಹಾಕೋಕೆ ಆಗಲ್ವೋ ಆ ಜಾಗ ಫೋಟೋ ಹೊಡೆದು ಕಳಿಸಿ. ಮುಂದಿನ ವಾರ ಇಲ್ಲೇ ಕೂತು ನೋಡೋಣ.