17 ತಾಸು ಆಕಾಶದಲ್ಲಿ, ಆಮೇಲೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ನೇರ ಲೆಕ್ಕದಲ್ಲಿ ಸುಮಾರು 14 ಸಾವಿರ ಕಿಲೋಮೀಟರ್. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಪೈಲಟ್‌ಗಳು, ಎಲ್ಲರೂ ಮಹಿಳೆಯರೇ. ಹೆಮ್ಮೆಯ ಸುದ್ದಿ.

ತಾರೀಖು ನೋಡಿ ಎರಡು ದಿನ ಹಾರಿತು ಅಂದ್ಕೋಬೇಡಿ. ಹಾರಿದ್ದು 17 ತಾಸು ದಾಟಿ ಸ್ವಲ್ಪ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ತಾಸು ಮುಂದೆ, ಅಷ್ಟೇ. ಧ್ರುವದ ಮೇಲೆ ಯಾಕೆ ಹೋಗಬೇಕು? ಮಕ್ಕಳ ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ದಾರ ಬಿಗಿಯಾಗಿ ಹಿಡೀರಿ. ದಾರ ತಾನಾಗೇ ಧ್ರುವದ ಕಡೆ ಸರಿಯುತ್ತೆ. ನಕ್ಷೆಯಲ್ಲಿ ಸುತ್ತು ಅನ್ನಿಸೋದೇ ಭೂಮಿಯ ಮೇಲೆ ಹತ್ತಿರದ ದಾರಿ.

ಈಗ ನೆಲಕ್ಕೆ ಬರೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಕ್ಕಳೂ ಇವತ್ತು ಅಮೆರಿಕದಲ್ಲಿದ್ದಾರೆ. ರಾಮದುರ್ಗದ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಓಣಿಯ ಮಂದಿ ಕೇಳೋದು ಒಂದೇ ಮಾತು: "ಮಗ ಮಣ್ಣಿಗೆ ಬರ್ತಾನೇನ್ರಿ? ಕಾಯೂಣೇನು?"

ಲೆಕ್ಕ ಹಾಕಿ. ನೇರ ವಿಮಾನವೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಹತ್ತುವ ಮುಂಚೆ ಮೂರು ತಾಸು. ಆಕಾಶದಲ್ಲಿ 17. ಬೆಂಗಳೂರಲ್ಲಿ ಪಾಸ್‌ಪೋರ್ಟ್ ಸಾಲು, ಲಗೇಜು, ಮುಂದಿನ ವಿಮಾನಕ್ಕೆ ಕಾಯೋದು. ಸಾಂಬ್ರಾಕ್ಕೆ ಇನ್ನೊಂದು ತಾಸಿನ ಮೇಲೆ. ಅಲ್ಲಿಂದ ರಾಮದುರ್ಗ ಸುಮಾರು 100 ಕಿಲೋಮೀಟರ್, ಎರಡೂವರೆ ಮೂರು ತಾಸು. ಟಿಕೆಟ್ ಮೇಲಿನ 17, ಮನೆ ಬಾಗಿಲಿಗೆ ಬರೋವಷ್ಟರಲ್ಲಿ 28, 30 ಆಗಿರುತ್ತೆ. ರಾತ್ರಿ ವಸ್ತಿ ಬಸ್ಸು ತಪ್ಪಿತೋ, ಬೆಳಗಿನ ತನಕ ಬಸ್ ಸ್ಟ್ಯಾಂಡೇ ಗತಿ.

ನಾನು ಓದಿದ್ದು ಎಂಜಿನಿಯರಿಂಗ್. ಒಂದು ಕೆಲಸ ಎಷ್ಟು ಬೇಗ ಮುಗಿಯುತ್ತೆ ಅಂತ ನೋಡಬೇಕಾದರೆ ಅದರಲ್ಲಿ ಅತಿ ನಿಧಾನದ ಹಂತ ಯಾವುದು ಅಂತ ಹುಡುಕಬೇಕು. ಇಲ್ಲಿ 14 ಸಾವಿರ ಕಿಲೋಮೀಟರ್ ತಾಸಿಗೆ 800ರ ವೇಗದಲ್ಲಿ, ಕೊನೆಯ ನೂರು ನಲವತ್ತರ ವೇಗದಲ್ಲಿ. ವಿಮಾನವನ್ನು ಇನ್ನೂ ಜೋರಾಗಿ ಓಡಿಸೋದು ನಮ್ಮ ಕೈಲಿಲ್ಲ. ಈ ನೂರು ಕಿಲೋಮೀಟರ್ ನಮ್ಮ ಸರ್ಕಾರಗಳ ಕೈಲಿದೆ.

ನಾನು ಹೇಳಿದ ಈ ನಾಲ್ಕು ಊರಲ್ಲಿ ಒಂದರಲ್ಲೂ ರೈಲು ನಿಲ್ದಾಣ ಇಲ್ಲ. ಧಾರವಾಡದಿಂದ ಬೆಳಗಾವಿಗೆ ರೈಲು ಇವತ್ತಿಗೂ ಲೋಂಡಾ ಸುತ್ತಿಕೊಂಡೇ ಹೋಗುತ್ತೆ, 121 ಕಿಲೋಮೀಟರ್. ಕಿತ್ತೂರಿನ ಮೇಲೆ ಹೊಸ ಮಾರ್ಗ ಆದರೆ 73. ಮಂಜೂರಾಗಿ ವರ್ಷಗಳೇ ಕಳೆದರೂ ಭೂಸ್ವಾಧೀನದ ತಗಾದೆಯಲ್ಲೇ ಕಾಲ ಸವೆಯಿತು. ಭೂಮಿ ಕಳ್ಕೊಳ್ಳೋ ರೈತರಿಗೆ ನ್ಯಾಯವಾದ ಬೆಲೆ ಕೊಡಿ, ಬೇಗ ಕೊಡಿ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಬೇಕು ಅನ್ನೋ ಬೇಡಿಕೆಯೂ ಹಳೆಯದೇ.

ಧ್ರುವ ದಾಟಿ ಬಂದ ಮಗ ಯರಗಟ್ಟಿ ದಾಟುವ ಹೊತ್ತಿಗೆ ಮಣ್ಣು ಮುಗಿದಿರಬಾರದು. ನಾನು ಕೇಳ್ತಿರೋದು ಇಷ್ಟೇ.